ಕಾಂದಿವಲಿ ಖಾಡಿಯ ಹುಲ್ಲು

ಬೈಕುಲ್ಲಾ, ಮುಂಬಯಿ
ತಾ. ೧೯-೨-೧೯೫೭

ಚಂಪಾಳ ಅಪ್ಪನಿಗೆ ಸೇವಂತಿ ಮಾಡುವ ನಮಸ್ಕಾರಗಳು.

ನಿಮ್ಮ ಮೈ ಹೇಗಿದೆ? ಸಂಜೆಯ ಜ್ವರ ಬಿಟ್ಟಿದೆಯೆ, ಊಟ ಸೇರುತ್ತದೆಯೆ? ಸ್ಯಾನಟೋರಿಯಮ್ಮಿನಲ್ಲಿ ಕೊಡುವ ಹಾಲು, ಮೊಟ್ಟೆಯನ್ನು ಪಕ್ಕದ ಮಂಚದವರಿಗೆ ಕೊಡದೆ ನೀವೇ ತಿನ್ನಿ. ನಿಮ್ಮ ಗುಣ ನನಗೆ ಗೊತ್ತು. ತೂಕ ಎರಡು ರಾತಲು ಏರಿದೆ ಎಂದು ಬರೆದದ್ದನ್ನು ಚಾಳಿನ ನಾಲ್ಕು ಮನೆಗೆ ಓದಿ ಹೇಳಿದ್ದೇನೆ. ಚಂಪಾ ಈಗ ಇಪ್ಪತ್ತರವರೆಗೆ ಎಣಿಸುತ್ತಾಳೆ. ಹದಿಮೂರನ್ನು ಮಾತ್ರ ಯಾವಾಗಲೂ ನುಂಗುತ್ತಾಳೆ.

ನೀವು ಆಸ್ಪತ್ರೆ ಸೇರಿದ ಮೇಲೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಿಮ್ಮ ಕೆಲಸವನ್ನು ನನಗೆ ಕೊಟ್ಟರಲ್ಲ, ಈ ಪತ್ರ ಅದರ ವಿಷಯ. ಧಾರವಾಡದಿಂದ ಸಂಶೋಧನೆಗೆ ಬಂದ ಚಂದ್ರವ್ವ ಬಾಯಿಯವರು ಹೇಳಿಕೊಟ್ಟಂತೆ ವಾರಕ್ಕೊಮ್ಮೆ ಕಾಂದಿವಲಿಗೆ ಲೋಕಲ್ ಹಿಡಿಯುತ್ತೇನೆ. ಉಪ್ಪಿನ ಗದ್ದೆ ದಾಟಿ, ಸಮುದ್ರದ ನೀರು ಇಳಿದ ಹೊತ್ತಿಗೆ ಖಾಡಿಗೆ ಇಳಿದು, ಮೊಣಕಾಲು ಹೂಳುವ ಕೆಸರಿನಲ್ಲಿ ಅರ್ಧ ಗಂಟೆ ನಡೆದು ಆಚೆಯ ದಿಬ್ಬ ಸೇರುತ್ತೇನೆ. ಅಲ್ಲಿಯ ಸಮುದ್ರದ ಹುಲ್ಲು ಒಂದು ಬಾಟಲಿಗೆ, ಬೇರಿನ ಸುತ್ತಲಿನ ಕೆಸರು ಇನ್ನೊಂದಕ್ಕೆ, ಮೇಲಿನ ನೀರು ಮತ್ತೊಂದಕ್ಕೆ. ಬಾಯಿಯವರು ಎಲೆಯ ಮೇಲಿನ ಲೋಳೆಯನ್ನು ಕೆರೆದು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾರೆ. ಮೂರನೆಯ ದಿನ ಚುಕ್ಕಿ ಚುಕ್ಕಿಯಾಗಿ ಕ್ರಿಮಿಗಳು ಕಾಣಿಸುತ್ತವೆ. ಇಂಥ ಹೊಲಸನ್ನು ಯಾಕೆ ಬೆಳೆಸುತ್ತೀರಿ ಎಂದು ಒಮ್ಮೆ ಕೇಳಿಬಿಟ್ಟೆ. ಅವರು ನಕ್ಕು, "ಹೊಲಸಲ್ಲ ಸೇವಂತಿ, ಇದೊಂದು ಓಣಿ ಇದ್ದಂಗ. ಹುಲ್ಲಿಗೆ ಇವು ಬೇಕು, ಇವಕ್ಕ ಹುಲ್ಲು ಬೇಕು," ಎಂದರು. ಆ ಮಾತು ಕೇಳಿದ ಮೇಲೆ ಕೆಸರಿಗೆ ಇಳಿಯಲು ನನಗೆ ಬೇಸರವಾಗಲಿಲ್ಲ.

ತೊಂದರೆ ಸಂಕ್ರಾಂತಿಯ ಮರುದಿನ ಶುರುವಾಯಿತು. ಬಾಯಿಯವರು ನನ್ನನ್ನು ಕರೆದು ಎರಡು ಪುಸ್ತಕ ಬಿಡಿಸಿಟ್ಟರು. ಮೊದಲ ವರ್ಷ ನೀವು ತಂದ ಹುಲ್ಲಿನಲ್ಲಿ ಕೇಸರಿ ಬಣ್ಣದ ಕ್ರಿಮಿಗಳು. ಆಮೇಲೆ ಹನ್ನೊಂದು ತಿಂಗಳು ಬರೀ ಬಿಳಿ, ನಾರುವಂಥವು. ಹುಲ್ಲಿಗೆ ಏನೋ ರೋಗ ತಗಲಿ ಅದರ ಕ್ರಿಮಿಗಳೇ ಬದಲಾದವು ಎಂದು ಅವರು ಪ್ರಬಂಧವನ್ನೂ ಬರೆದು ಮುಗಿಸಿದ್ದರು. ನಾನು ತರಲು ತೊಡಗಿದ ಮೇಲೆ ಮತ್ತೆ ಕೇಸರಿ. "ನಿನ್ನ ಗಂಡ ಶಾಣ್ಯಾ ಮನಷ್ಯಾ, ಅಂವ ತಪ್ಪಂಗಿಲ್ಲ. ನೀ ಎಲ್ಲಿ ಕಿತ್ತೀ, ಖರೇ ಹೇಳು," ಎಂದರು. ದಿಬ್ಬದಿಂದಲೇ ತಂದೆ ಎಂದು ಚಂಪಾಳ ಮೇಲೆ ಆಣೆ ಇಟ್ಟೆ. ಅವರು ನಂಬಲಿಲ್ಲ.

ಮುಂದಿನ ವಾರ ಖಾಡಿಯ ಧಕ್ಕೆಯಲ್ಲಿ ಕಾಲು ತೊಳೆಯುತ್ತ ಅಳುತ್ತಿದ್ದೆ. ಮರುವಾಯಿ ಚಿಪ್ಪು ಆಯುವ, ಮೀನುಗಾರ ಕೋಳಿ ಜನರ ಗಂಗುಬಾಯಿ ಬುಟ್ಟಿ ಇಳಿಸಿ ಪಕ್ಕಕ್ಕೆ ಕೂತಳು. ಎಲ್ಲ ಹೇಳಿದೆ. ಅವಳು ತನ್ನ ಮರಾಠಿಯಲ್ಲಿ, "ಅಗ ಬಾಯಿ, ನಿನ್ನ ಗಂಡ ಆ ದಿಬ್ಬಕ್ಕೆ ಹೋಗಿ ಎಷ್ಟು ಕಾಲವಾಯಿತು! ಆಚೆ ವರ್ಷದ ದೀಪಾವಳಿಯಿಂದಲೇ ಇಲ್ಲಿ ಕೂತು ಕೆಮ್ಮುತ್ತಿದ್ದ. ಆ ಎಮ್ಮೆ ತಬೇಲೆಯ ಸಗಣಿ ಮೋರಿಯ ಬಾಯಲ್ಲಿ ಬೆಳೆದ ಹುಲ್ಲನ್ನೇ ಕಿತ್ತು ಬಾಟಲಿಗೆ ತುಂಬುತ್ತಿದ್ದ. ಬೆಲ್ಲ ಕೊಟ್ಟರೂ ತಿನ್ನಲಾರ, ಅಷ್ಟು ಕೆಮ್ಮು," ಎಂದಳು.

ನಾನು ಅಲ್ಲೇ ಕೂತೆ. ಎರಡು ಲೋಕಲ್ ಹೋದವು. ನೀವು ನನಗೆ ಹೇಳಿದ್ದೇನು? ಹೋದ ವರ್ಷದ ಆಟಿ-ಆಷಾಢದ ಮಳೆಯಲ್ಲಿ ನೆನೆದು ಕೆಮ್ಮು ಹಿಡಿಯಿತು ಎಂದಲ್ಲವೆ? ಅದಕ್ಕೂ ಎಂಟು ತಿಂಗಳು ಮೊದಲೇ ನಿಮಗೆ ಕೆಸರಿನಲ್ಲಿ ನಡೆಯುವ ಉಸಿರಿರಲಿಲ್ಲ. ಮೊದಲು ನನಗೆ ಸಿಟ್ಟು ಬಂತು, ನಿಮ್ಮ ಸುಳ್ಳನ್ನು ನನ್ನ ತಲೆಗೆ ಕಟ್ಟಿದರಲ್ಲ ಎಂದು. ಆಮೇಲೆ ನೆನಪಾಯಿತು: ಆ ಮಾಗಿಯಲ್ಲಿ ಎಲ್ಲರೂ ಕಂಬಳಿ ಹೊದ್ದಾಗ ನೀವೊಬ್ಬರು ಸೆಕೆ ಸೆಕೆ ಎಂದು ಚಾಪೆ ತೆಗೆದುಕೊಂಡು ಚಾಳಿನ ಗ್ಯಾಲರಿಯಲ್ಲಿ ಮಲಗುತ್ತಿದ್ದಿರಿ. ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿರಿ. ನಾನು ಮುನಿಸಿಕೊಂಡು ಮಾತು ಬಿಟ್ಟಿದ್ದೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆಯನ್ನು ಒಬ್ಬರೇ ಹೊತ್ತು ತಿರುಗಿದಿರಿ. ನನಗೊಂದು ಮಾತು ಹೇಳಿದ್ದರೆ ಅಂದೇ ನಿಮ್ಮ ಬದಲು ಕೆಸರಿಗೆ ಇಳಿಯುತ್ತಿದ್ದೆನಲ್ಲ!

ಎರಡು ವಾರ ಬಾಯಿ ಮುಚ್ಚಿಕೊಂಡಿದ್ದೆ. ಸುಮ್ಮನಿದ್ದರೆ ನಿಮ್ಮ ಹೆಸರು ಉಳಿಯುತ್ತಿತ್ತು. ಆದರೆ ಆ ಹೆಣ್ಣುಮಗಳು ಊರು ಬಿಟ್ಟು, ಮದುವೆ ಮುಂದಕ್ಕೆ ಹಾಕಿ, ಎರಡು ವರ್ಷ ಕೂತು ಬರೆದದ್ದು ಸುಳ್ಳಿನ ಮೇಲೆ ನಿಂತಿದೆ ಎಂದು ಗೊತ್ತಿದ್ದೂ ದಿನಾ ಅವರ ಎದುರು ಗಾಜು ತೊಳೆಯಲು ನನ್ನಿಂದ ಆಗಲಿಲ್ಲ. ಹೋದ ಸೋಮವಾರ ಹೇಳಿದೆ. ಅವರು ಕೂಗಾಡಲಿಲ್ಲ. ಕೆಂಪು ಪೆನ್ಸಿಲು ತೆಗೆದು ಹನ್ನೊಂದು ತಿಂಗಳ ಪುಟಗಳನ್ನು ಒಂದೊಂದಾಗಿ ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಕೊನೆಗೆ, "ಇನ್ನ ಅವನ ಕೈಗೆ ಬಾಟ್ಲಿ ಕೊಡೂದು ನನ್ನಿಂದ ಆಗಂಗಿಲ್ಲ ಸೇವಂತಿ. ನೀ ಇರು," ಎಂದರು. ಅಂದರೆ ನೀವು ಗುಣವಾಗಿ ಬಂದರೂ ಆ ಕೆಲಸ ನಿಮ್ಮದಲ್ಲ. ಮುಚ್ಚಿಟ್ಟು ಬರೆಯುವುದು ನನಗೆ ಬರುವುದಿಲ್ಲ, ಬೈಯಬೇಕೆನಿಸಿದರೆ ಬೈಯಿರಿ.

ನಾನು ಬಾಗಿಲವರೆಗೆ ಹೋಗಿದ್ದೆ. ಬಾಯಿಯವರು ಹಿಂದಿನಿಂದ ಕರೆದರು. ಅವರ ಮುಖ ಬದಲಾಗಿತ್ತು. "ಹನ್ನೊಂದು ತಿಂಗಳ ಕೆಮ್ಮಿದ್ದಾನ ಅಂದಿ. ಮನ್ಯಾಗ ಕೂಸು ಐತಲ್ಲ?" ಎಂದರು.

ಇಲ್ಲಿಗೆ ನಿಲ್ಲಿಸುತ್ತೇನೆ, ಟಪಾಲಿನ ಹೊತ್ತಾಯಿತು. ಔಷಧ ತಪ್ಪಿಸಬೇಡಿ, ತಂಗಾಳಿಗೆ ಕಿವಿ ಕಟ್ಟಿಕೊಳ್ಳಿ. ನಿಮ್ಮ ಮೇಲೆ ನನಗಿರುವುದು ಸಿಟ್ಟಲ್ಲ. ಏನೆಂದು ಬರೆಯಲು ಬರುತ್ತಿಲ್ಲ. ಮಂಗಳೂರಿನಿಂದ ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ.

ಇಂತಿ ನಿಮ್ಮ
ಸೇವಂತಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದಿಷ್ಟು. ಬಾಯಿಯವರು ತಾವೇ ಕರೆದುಕೊಂಡು ಹೋಗಿ ಚಂಪಾಳ ಎದೆಯ ಎಕ್ಸ್‌ರೇ ತೆಗೆಸಿದರು. ಅವಳಿಗೂ ತಗಲಿದೆ. ಕಲೆ ಚಿಕ್ಕದು, ಬೇಗ ಸಿಕ್ಕಿತು, ಗುಣವಾಗುತ್ತದೆ ಎನ್ನುತ್ತಾರೆ. ನಿನ್ನೆಯಿಂದ ಸೂಜಿಮದ್ದು ಶುರು. ನನ್ನ ಎದೆ ಚೊಕ್ಕಟವಾಗಿದೆ. ಮನೆಯಲ್ಲಿ ನಿಮಗೆ ಕೆಮ್ಮು ನಿಜವಾಗಿ ಯಾವ ತಿಂಗಳು ಬಂತು, ಕಫದಲ್ಲಿ ರಕ್ತ ಯಾವಾಗ ಕಂಡಿತು ಎಂದು ಡಾಕ್ಟರು ಕೇಳುತ್ತಿದ್ದಾರೆ. ನನಗೆ ಗೊತ್ತಿಲ್ಲ ಎಂದು ಹೇಳಿ ಬಂದೆ. ಕ್ಷಮೆ ಗಿಮೆ ಏನೂ ಬೇಡ. ತಿಂಗಳು ಯಾವುದೆಂದು ಖಂಡಿತವಾಗಿ ಬರೆಯಿರಿ, ನಾಳೆಯೇ.