ಹದಿನೇಳನೇ ಟ್ರೇ

ಗಿಡಗಳ ಕೋಣೆ,
ಗುರುವಾರ ಮಧ್ಯಾಹ್ನ

ಪ್ರೀತಿಯ ಚೂಟಿಗೆ,

ನೀನು ಮೂರನೇ ಮಹಡಿ, ನಾನು ನೆಲಮಹಡಿ. ನಡುವೆ ನಲವತ್ತು ಮೆಟ್ಟಿಲು. ಆದರೂ ಅಕ್ಕ ಕಾಗದ ಬರೆದು ಕಳಿಸಿದ್ದಾಳೆಂದರೆ ಏನೋ ಗ್ರಹಚಾರ ಕಾದಿದೆ ಎಂದು ನಿನಗೆ ಆಗಲೇ ಹೊಳೆದಿರಬೇಕು. ಎದುರು ನಿಂತು ಹೇಳೋಣವೆಂದು ಈ ವಾರ ಮೂರು ಸಲ ಮೇಲೆ ಬಂದೆ. ಮೂರು ಸಲವೂ ನೀನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ "ಬೇಗ ಹೇಳಕ್ಕಾ, ಮೀಟಿಂಗ್ ಇದೆ" ಎಂದೆ. ಬೇಗ ಹೇಳಿ ಮುಗಿಸುವ ಮಾತಲ್ಲ ಇದು. ಟ್ರೇಗಳ ಮೇಲೆ ನಂಬರು ಬರೆಯುವುದು ಬಿಟ್ಟರೆ ನನ್ನ ಕೈಗೆ ಪೆನ್ನಿನ ಅಭ್ಯಾಸ ತಪ್ಪಿ ಎಷ್ಟೋ ವರ್ಷವಾಯಿತು. ಅಕ್ಷರ ಸೊಟ್ಟಗಿದ್ದರೆ ನಗು, ಪರವಾಗಿಲ್ಲ, ಆದರೆ ಕೊನೆಯವರೆಗೂ ಓದು.

ಸೋಮವಾರ ವಿಚಾರಣಾ ಸಮಿತಿ ಕೊನೆಯ ಸಲ ಸೇರುತ್ತದೆ. ಪೆನ್ಸಿಲ್‌ಳ ಹೆಸರನ್ನು ಸಂಸ್ಥೆಯ ಪಟ್ಟಿಯಿಂದ ಹೊಡೆದುಹಾಕುತ್ತಾರೆ. ತುರುಬಿಗೆ ಪೆನ್ಸಿಲ್ ಚುಚ್ಚಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದ ನಿನ್ನ ವಿದ್ಯಾರ್ಥಿನಿ ಇನ್ನು ಯಾವ ಪ್ರಯೋಗಾಲಯದ ಬಾಗಿಲೂ ತಟ್ಟುವ ಹಾಗಿಲ್ಲ. ನೀರು ನಿಲ್ಲಿಸಿದ ಗಿಡಗಳಿಗೆ ಕದ್ದು ನೀರು ಹಾಕಿದಳು, ಸತ್ತುಹೋಗಬೇಕಾದ ಗಿಡವನ್ನು ಬರ ತಾಳುವ ಗಿಡವೆಂದು ತೋರಿಸಿದಳು ಎಂಬುದು ಅವಳ ಮೇಲಿನ ದೂರು. ಚೂಟಿ, ಅವಳು ಒಂದು ಹನಿ ನೀರು ಹಾಕಿಲ್ಲ. ನಿನ್ನ ಪ್ರಯೋಗ ಕೆಡಿಸಿದ್ದು ನಾನು.

ಇಲ್ಲಿ ನಡೆಯುವುದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ಕಾಗದದ ಒಂದು ಪ್ರತಿ ಸಮಿತಿಗೂ ಹೋಗುತ್ತಿದೆ, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಕೋಣೆಯಲ್ಲಿ ಮೂವತ್ತು ಟ್ರೇ. ಎಲ್ಲದರಲ್ಲೂ ಸಾಸಿವೆ ಜಾತಿಯ ಅದೇ ಪುಟ್ಟ ಗಿಡ. ಒಂದನೇ ಟ್ರೇ ಸಾದಾ ಬೀಜದ್ದು, ಉಳಿದ ಒಂದೊಂದರಲ್ಲೂ ನೀನು ಒಂದೊಂದು ಜೀನ್ ಬದಲಾಯಿಸಿದ್ದೀಯ. ನಾಲ್ಕು ವಾರ ನೀರು ಕೊಟ್ಟು ಬೆಳೆಸುವುದು, ಆಮೇಲೆ ನೀರು ನಿಲ್ಲಿಸಿ ಯಾವುದು ತಡೆದುಕೊಳ್ಳುತ್ತದೆಂದು ನೋಡುವುದು. ಗಿಡ ಬಾಯಾರಿದ್ದನ್ನು ಮೊದಲು ತಿಳಿಯುವುದು ಬೇರು ಎಂದು ನೀನೇ ಹೇಳಿಕೊಟ್ಟಿದ್ದೆ. ಸುದ್ದಿ ಎಲೆಗೆ ಮುಟ್ಟುತ್ತದೆ, ಒಂದು ಹಾರ್ಮೋನ್ ಹುಟ್ಟುತ್ತದೆ, ಎಲೆಯ ಸಾವಿರಾರು ಸಣ್ಣ ಬಾಯಿಗಳು ಮುಚ್ಚಿಕೊಳ್ಳುತ್ತವೆ. ನೀರೇನೋ ಉಳಿಯುತ್ತದೆ, ಆದರೆ ಗಾಳಿ ಒಳಗೆ ಬಾರದೆ ಗಿಡ ಉಪವಾಸ ಬೀಳುತ್ತದೆ. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಬೆಳಕು, ಗಾಳಿ ಎಲ್ಲ ಮೂಲೆಗೂ ಒಂದೇ ಸಮ ಬೀಳುವುದಿಲ್ಲವೆಂದು ವಾರಕ್ಕೊಮ್ಮೆ ಟ್ರೇಗಳ ಜಾಗ ಬದಲಾಯಿಸುತ್ತಿದ್ದೆವು. ಎರಡು ವರ್ಷದ ಹಿಂದೆ ಅದು ನಿಂತಿತು. ನಿಂತ ವಾರ ಬಾಗಿಲ ಪಕ್ಕ ಇದ್ದದ್ದು ಹದಿನೇಳನೇ ಟ್ರೇ. ಆಮೇಲೆ ಎಷ್ಟು ಸಲ ಹೊಸದಾಗಿ ಬಿತ್ತಿದರೂ ಹದಿನೇಳರ ಜಾಗ ಅದೇ ಆಯಿತು.

ಗುಬ್ಬಿ ಹೋಗಿ ಆಗ ಮೂರು ತಿಂಗಳು. ನನ್ನ ಮಗಳ ಹೆಸರೆತ್ತಿದರೆ ನೀನು ಮಾತು ತಿರುಗಿಸುತ್ತೀಯ, ನಾನು ಅಳುತ್ತೇನೆಂದು. ಅತ್ತರೆ ಅಳಲಿ ಬಿಡು, ನೆಲ ಒರೆಸುವವಳು ನಾನೇ ತಾನೆ. ಹನ್ನೊಂದು ದಿನದ ಜ್ವರದಲ್ಲಿ ಹಗಲೂ ರಾತ್ರಿ ಅವಳ ಹಣೆ ಸವರಿದ ಕೈ ಇದು. ಅವಳು ಹೋದ ಮೇಲೂ ಕೈ ಸುಮ್ಮನಾಗಲಿಲ್ಲ. ತೊಡೆಯ ಕೆಳಗೆ ಇಟ್ಟುಕೊಂಡು ಕೂತರೂ ಬೆರಳು ಅಲ್ಲಾಡುತ್ತಿದ್ದವು. ಒಂದು ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದವಳು ಬಾಗಿಲ ಪಕ್ಕದ ಟ್ರೇ ಮೇಲೆ ಕೈ ಇಟ್ಟೆ. ಆ ಎಲೆಗಳ ಮೇಲೆ ಸಣ್ಣ ರೋಮ ಇರುತ್ತದಲ್ಲ, ಮಗುವಿನ ಹಣೆಯ ಅಂಚಿನಲ್ಲಿ ಇರುವ ಹಾಗೆ. ಇಪ್ಪತ್ತನಾಲ್ಕು ಗಿಡವನ್ನೂ ಒಂದೊಂದಾಗಿ ಸವರಿದೆ. ಕೈ ತಣ್ಣಗಾಯಿತು. ಅವತ್ತು ಮಧ್ಯಾಹ್ನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಆಮೇಲೆ ಅದು ದಿನಚರಿ ಆಯಿತು. ಬೆಳಿಗ್ಗೆ ಒಂದು ಸಲ, ಬೀಗ ಹಾಕುವ ಮುಂಚೆ ಇನ್ನೊಂದು ಸಲ. ಮಿಕ್ಕ ಟ್ರೇಗಳನ್ನು ಮುಟ್ಟಲಿಲ್ಲ, ಅವು ನನ್ನವು ಅನ್ನಿಸಲಿಲ್ಲ. ನೀರಿನ ವಿಷಯದಲ್ಲಿ ಮಾತ್ರ ನಿಯಮ ಮೀರಲಿಲ್ಲ. ಮಿಕ್ಕವು ಬಾಡಿ ಬೀಳುವುದನ್ನು ಎದೆ ಕಲ್ಲು ಮಾಡಿಕೊಂಡು ನೋಡಿದ್ದೇನೆ.

ಹದಿನೇಳು ಬಾಡಲಿಲ್ಲ. ಮೂವತ್ತರಲ್ಲಿ ಅದೊಂದೇ ಕುಳ್ಳಗೆ, ದಪ್ಪ ಎಲೆ ಬಿಟ್ಟುಕೊಂಡು ಹದಿನಾಲ್ಕು ದಿನ ನೀರಿಲ್ಲದೆ ನಿಂತಿತು. ಆ ಜೀನನ್ನು ನೀನು ಕಂಡುಹಿಡಿದೆ ಎಂದು ಪತ್ರಿಕೆಯಲ್ಲಿ ಬಂತು, ಮೇಲಿನ ಹಾಲ್‌ನಲ್ಲಿ ಹಾರ ಹಾಕಿದರು. ನಾನೂ ಹಿಂದಿನ ಸಾಲಿನಲ್ಲಿ ನಿಂತು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ನಿಜವಾಗಿ ಹಿಗ್ಗಿದ್ದೆ, ನನ್ನ ತಂಗಿ ಎಂದು.

ಬೇರೆ ಎರಡು ಪ್ರಯೋಗಾಲಯಗಳಲ್ಲಿ ಅದೇ ಬೀಜ ಬಿತ್ತಿದರು. ಎರಡು ಕಡೆಯೂ ಒಂಬತ್ತನೇ ದಿನಕ್ಕೆ ಒಣಗಿ ಹೋಯಿತು. ಆಗ ಶುರುವಾಯಿತು ವಿಚಾರಣೆ. ಸಮಿತಿಯ ಹಿರಿಯರು ನನ್ನನ್ನೂ ಕರೆದು ಕೂರಿಸಿದರು. ಭಾನುವಾರ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರು. "ಮೂರು ಜನದ ಹತ್ರ ಸಾರ್, ಮೇಡಂ, ಆ ಹುಡುಗಿ, ನಾನು" ಎಂದೆ. ನೀವು ನೀರು ಹಾಕಿದ್ದುಂಟಾ ಎಂದರು. "ದೇವರಾಣೆ ಇಲ್ಲ ಸಾರ್" ಎಂದೆ. ನಿಜವನ್ನೇ ಹೇಳಿದೆ. ನೀನೂ ಇಲ್ಲವೆಂದೆ. ಪೆನ್ಸಿಲ್ ಕೂಡ ಇಲ್ಲವೆಂದಳು, ಆದರೆ ಮೂವರಲ್ಲಿ ಯಾರೋ ಒಬ್ಬರು ಹಾಕಲೇಬೇಕಿತ್ತಲ್ಲ. ಅವಳು ಎಲ್ಲರಿಗಿಂತ ಚಿಕ್ಕವಳು, ಪದವಿ ಬೇಕಾದವಳು. ಅವಳ ತಲೆಗೆ ಕಟ್ಟಿದರು. ಹೊರಗೆ ಬಂದವಳು ನನ್ನ ತೋಳು ಹಿಡಿದು "ಅಕ್ಕಾ, ನೀವಾದ್ರೂ ನನ್ನ ನಂಬ್ತೀರಲ್ವಾ?" ಎಂದಳು. ನಂಬುತ್ತೇನೆ ಎಂದೆ. ಅಷ್ಟೇ ಹೇಳಿ ಕೈ ಬಿಡಿಸಿಕೊಂಡು ಕೆಳಗೆ ಬಂದುಬಿಟ್ಟೆ.

ಯಾಕೆಂದರೆ ಅಷ್ಟು ಹೊತ್ತಿಗೆ ನನಗೆ ಅನುಮಾನ ಹುಟ್ಟಿತ್ತು. ನಾನು ಇಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಚಹಾ ಕುಡಿಯುತ್ತಾ ನೀನು ಹೇಳಿದ್ದು ನೆನಪಿದೆಯಾ? ಗಿಡವನ್ನು ಮುಟ್ಟಿದರೂ ಅದಕ್ಕೆ ತಿಳಿಯುತ್ತದೆ, ಮುಟ್ಟಿದ ಕ್ಷಣಕ್ಕೇ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅರ್ಧ ಗಂಟೆಯೊಳಗೆ ಮಲಗಿದ್ದ ನೂರಾರು ಜೀನ್ ಎದ್ದು ಕೂರುತ್ತವೆ. ದಿನಾ ಮುಟ್ಟಿದರೆ ಗಿಡ ಎತ್ತರ ಬೆಳೆಯುವುದು ಬಿಟ್ಟು ಕುಳ್ಳಾಗಿ, ಗಟ್ಟಿಯಾಗಿ, ಮುಂದೆ ಬರುವ ಕಷ್ಟಕ್ಕೆ ತಯಾರಾಗಿ ನಿಲ್ಲುತ್ತದೆ. ನಾನು ಪ್ರೀತಿ ಎಂದು ಸವರಿದ್ದನ್ನು ಗಿಡ ಪೆಟ್ಟು ಎಂದು ತಿಳಿದುಕೊಂಡಿತ್ತು.

ಬರೀ ಅನುಮಾನದ ಮೇಲೆ ಬಾಯಿ ಬಿಡುವುದು ಹೇಗೆ? ಕಪಾಟಿನಿಂದ ಹದಿನೇಳರ ಬೀಜ ಒಂದು ಚಿಟಿಕೆ, ಸಾದಾ ಬೀಜ ಒಂದು ಚಿಟಿಕೆ ಕದ್ದೆ. ಹೌದು, ಕದ್ದೆ, ಅದನ್ನೂ ಬರೆದುಕೊಳ್ಳಲಿ. ಅಡುಗೆಮನೆಯ ಕಿಟಕಿಯಲ್ಲಿ ಬಿತ್ತಿದೆ. ವಾರಕ್ಕೊಮ್ಮೆ ತಪ್ಪದೆ ಟ್ರೇಗಳ ಜಾಗ ಬದಲಾಯಿಸಿದೆ, ನಿನ್ನ ಅಕ್ಕ ಅಷ್ಟು ಕಲಿತಿದ್ದಾಳೆ. ಈ ಸಲ ಸಾದಾ ಗಿಡವನ್ನು ಎರಡು ಹೊತ್ತು ಸವರಿದೆ. ಹದಿನೇಳನ್ನು ಮುಟ್ಟಲಿಲ್ಲ. ಕೈ ಅದರ ಕಡೆಗೇ ಹೋಗುತ್ತಿತ್ತು, ಹಿಂದೆ ಕಟ್ಟಿಕೊಂಡು ನಿಂತಿದ್ದೇನೆ. ನೀರು ನಿಲ್ಲಿಸಿದ ಒಂಬತ್ತನೇ ದಿನ ಹದಿನೇಳು ನೆಲಕ್ಕೆ ಅಂಟಿಕೊಂಡಿತು. ಸಾದಾ ಗಿಡ ಹದಿಮೂರು ದಿನ ನಿಂತಿತು. ಎರಡು ಸಲ ಮಾಡಿದೆ, ಎರಡು ಸಲವೂ ಹಾಗೇ ಆಯಿತು. ದಿನ, ಗಿಡದ ಎಣಿಕೆ, ಎತ್ತರ ಎಲ್ಲ ಬರೆದಿಟ್ಟ ನೋಟ್‌ಬುಕ್ ಈ ಲಕೋಟೆಯಲ್ಲೇ ಇದೆ.

ಎರಡನೇ ಸಲದ ಗಿಡಗಳು ಮುಗಿದದ್ದು ಹೋದ ತಿಂಗಳು. ಆಮೇಲೂ ಬಾಯಿ ಮುಚ್ಚಿಕೊಂಡೇ ಇದ್ದೆ. ಹೇಳಿದರೆ ಈ ಕೋಣೆಯ ಬೀಗದ ಕೈ ಕಿತ್ತುಕೊಳ್ಳುತ್ತಾರೆ, ಹದಿನೇಳನ್ನು ಕಸಕ್ಕೆ ಹಾಕುತ್ತಾರೆ, ಆಮೇಲೆ ಬೆಳಿಗ್ಗೆ ಎದ್ದು ಈ ಕೈಯನ್ನು ಎಲ್ಲಿ ಇಡಲಿ? ಒಂದು ಹುಡುಗಿಯ ಬದುಕಿನ ಎದುರು ನಾನು ತೂಗಿ ನೋಡಿದ್ದು ಇದನ್ನು. ಬೈಯುವುದಾದರೆ ಇದಕ್ಕೆ ಬೈ.

ಮೊನ್ನೆ ಮಂಗಳವಾರ ಪೆನ್ಸಿಲ್‌ಳ ತಾಯಿ ಬಂದಿದ್ದರು, ಮಗಳ ಸಾಮಾನು ತೆಗೆದುಕೊಂಡು ಹೋಗಲು. ಒಂದು ಕೊಡೆ, ಸ್ವೆಟರು, ಊಟದ ಡಬ್ಬಿ. ಡಬ್ಬಿಯನ್ನು ತೊಳೆದಿಟ್ಟಿದ್ದೆ, ಆದರೂ ಆಕೆ ಮುಚ್ಚಳ ತೆಗೆದು ನೋಡಿದರು. ಅವಳು ಹೇಗಿದ್ದಾಳೆ ಎಂದು ಕೇಳಿದೆ. "ಮಾತಿಲ್ಲಮ್ಮ. ಎರಡು ತಿಂಗಳಾಯ್ತು. ತಟ್ಟೆ ಮುಂದೆ ಇಟ್ರೆ ನೋಡ್ತಾ ಕೂತಿರ್ತಾಳೆ. ಆಸ್ಪತ್ರೆಲಿ ಮೂಗಿಗೆ ನಳಿಗೆ ಹಾಕವ್ರೆ" ಎಂದರು. ನನಗೆ ಆ ಮುಚ್ಚಿಕೊಂಡ ಎಲೆಯ ಬಾಯಿಗಳು ನೆನಪಾದವು. ಹೊರಡುವಾಗ ತಿರುಗಿ ನಿಂತು ಆಕೆ ಕೇಳಿದ್ದು ಇಷ್ಟೇ, "ಹಾಕಿದ್ಲು ಅಂತ್ಲೇ ಇಟ್ಕೊಳ್ಳಿ. ಒಣಗೋ ಗಿಡಕ್ಕೆ ನೀರು ಹಾಕೋದು ಅಷ್ಟು ದೊಡ್ಡ ತಪ್ಪಾ?" ಅವರು ಹೋದ ಮೇಲೆ ಟ್ರೇ ಮೇಲೆ ಕೈ ಇಡಲು ಹೋದೆ, ಆಗಲಿಲ್ಲ.

ನೀನು ಮಾಡಬೇಕಾದ್ದು ಒಂದೇ. ಸೋಮವಾರ ಸಮಿತಿಯ ಎದುರು ನಿನ್ನ ಬಾಯಿಂದಲೇ ಅವಳ ತಪ್ಪಿಲ್ಲವೆಂದು ಹೇಳು. ಸಮಿತಿ ಹಾಗೆಂದು ಬರೆದುಕೊಡುವ ಕಾಗದ ಹಿಡಿದುಕೊಂಡು ನಾವಿಬ್ಬರೂ ಆಸ್ಪತ್ರೆಗೆ ಹೋಗೋಣ. ಅವಳಿಗೆ ಕೇಳಿಸುತ್ತದೋ ಇಲ್ಲವೋ, ಓದಿ ಹೇಳೋಣ. ನನ್ನ ಬೀಗದ ಕೈ ಈ ಲಕೋಟೆಯ ತಳದಲ್ಲಿದೆ. ಹದಿನೇಳರ ಬಗ್ಗೆ ನಾನು ಏನೂ ಕೇಳುವುದಿಲ್ಲ.

ಊಟ ಬಿಟ್ಟು ಕೆಲಸ ಮಾಡಬೇಡ.

ಎಂದೆಂದೂ ನಿನ್ನವಳೇ ಆದ,
ಅಕ್ಕ

ಮತ್ತೆ ಒಂದು ಮಾತು. ಇದು ಸಮಿತಿಗೆ ಹೋಗುವ ಪ್ರತಿಯಲ್ಲಿಲ್ಲ. ನಾನು ಹದಿನೇಳರ ಮೇಲೆ ಕೈ ಇಟ್ಟ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ನೀನು ಬಾಗಿಲ ಗಾಜಿನ ಆಚೆ ನಿಂತಿದ್ದೆ. ಎದುರಿನ ಯಂತ್ರದ ಕಪ್ಪು ಪರದೆಯಲ್ಲಿ ನಿನ್ನ ಮುಖ ಕಾಣುತ್ತಿತ್ತು. ನಾನು ತಿರುಗಲಿಲ್ಲ, ನೀನು ಬಾಗಿಲು ತೆರೆಯಲಿಲ್ಲ. ಮರುದಿನ ನೀನು, ಇನ್ನು ಮುಂದೆ ಟ್ರೇಗಳ ಜಾಗ ಬದಲಾಯಿಸಬಾರದು ಎಂದು ಬಾಗಿಲಿಗೆ ಚೀಟಿ ಅಂಟಿಸಿದೆ. ಅಕ್ಕನಿಗೆ ಅಷ್ಟಾದರೂ ಇರಲಿ ಎಂದು ಮಾಡಿದೆ, ನನಗೆ ಗೊತ್ತು. ಆ ಋಣ ನಾನು ಸಾಯುವವರೆಗೂ ತೀರುವುದಿಲ್ಲ. ಆದರೆ ಚೂಟಿ, ಆ ಹುಡುಗಿ ನಿನ್ನ ಎದುರು ನಿಂತು ನೀರು ಹಾಕಿಲ್ಲವೆಂದು ಅಳುವಾಗಲೂ ನಿನಗೆ ಗೊತ್ತಿತ್ತು. ಸಮಿತಿಯ ಪ್ರತಿಯ ಕೊನೆಗೆ, ನನ್ನ ತಂಗಿಗೆ ಇದ್ಯಾವುದೂ ತಿಳಿಯದು ಎಂದು ಒಂದು ಸಾಲು ಸೇರಿಸಿದ್ದೇನೆ. ಅಷ್ಟು ಪುಟದಲ್ಲಿ ಸುಳ್ಳು ಅದೊಂದೇ. ಅದನ್ನು ಇಟ್ಟುಕೊಳ್ಳುವುದೋ ಹೊಡೆದುಹಾಕುವುದೋ ನಿನಗೆ ಬಿಟ್ಟಿದ್ದು. ಚೀಟಿಯನ್ನು ನಾನು ತೆಗೆದಿಲ್ಲ. ನಿನ್ನ ಕೈಬರಹದ ತಾರೀಕಿನ ಸಮೇತ ಬಾಗಿಲ ಮೇಲೆ ಇನ್ನೂ ಹಾಗೇ ಇದೆ.