ಒಂದೂವರೆ ಗಂಟೆಯ ದಾರಿ

ಅಂಗಡಿಯ ಮೇಜಿನಿಂದ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಯಜಮಾನರಿಗೆ,

ಮಂಡಿನೋವು ಹೇಗಿದೆ? ವಿಮಾನದಲ್ಲಿ ಕಾಲು ಮಡಚಿ ಕೂತು ಹೆಚ್ಚಾಯಿತೇ? ಮಾತ್ರೆ ಚೀಲದ ಎಡಗಡೆ ಜೇಬಿನಲ್ಲಿದೆ, ಹುಡುಕದೆಯೇ ಸಿಗಲಿಲ್ಲ ಅನ್ನಬೇಡಿ. ನಾನು ಚೆನ್ನಾಗಿದ್ದೇನೆ. ನಿನ್ನೆ ಚೆನ್ನಾಗಿರಲಿಲ್ಲ. ಫೋನಿನಲ್ಲಿ ನನಗೆ ಬೈಯುವುದಷ್ಟೇ ಬರುತ್ತದೆ, ಅದಕ್ಕೇ ಈ ಕಾಗದ.

ನಿನ್ನೆ ನೀವು ಹೊರಟಾಗ ನಾನು ಬಾಗಿಲಿಗೆ ಬರಲಿಲ್ಲ. ಮಗಳು ನಮಗೊಂದು ಮಾತೂ ತಿಳಿಸದೆ ಮದುವೆಯಾಗಿ ಮೂರು ವರ್ಷವಾದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಅವಳು ಇಬ್ಬರಿಗೂ ಟಿಕೆಟ್ ಕಳಿಸಿದ್ದೇ ತಡ, ನೀವು ಕುಣಿದುಕೊಂಡು ಹೊರಟಿರಿ ಎಂದು ನಿಮ್ಮ ಮೇಲೂ ಸಿಟ್ಟು. "ಒಂಬತ್ತೂ ಹತ್ತಕ್ಕೆ ಹೊರಟ್ರೆ ಹತ್ತೂ ನಲವತ್ತಕ್ಕೆ ಇಳಿಯೋದು. ಒಂದೂವರೆ ಗಂಟೆ ದಾರಿ ಕಣೇ, ಇಳಿದ ತಕ್ಷಣ ಫೋನ್ ಮಾಡ್ತೀನಿ" ಎಂದು ಹೊಸ್ತಿಲಿನಿಂದ ಕೂಗಿದಿರಿ. "ಹೋಗಿ ಬನ್ನಿ" ಅನ್ನಲು ನನಗೆ ಬಾಯಿ ಬರಲಿಲ್ಲ.

ಹತ್ತೂ ನಲವತ್ತಾಯಿತು. ಫೋನಿಲ್ಲ. ಹನ್ನೊಂದು ಹೊಡೆಯಿತು. ನಿಮ್ಮ ರಿಪೇರಿ ಅಂಗಡಿಯಲ್ಲಿ ಹನ್ನೊಂದು ಹೊಡೆಯುವುದು ಒಂದು ಸಲವೇ? ಗೋಡೆಯ ಹದಿನೇಳು ಗಡಿಯಾರಗಳೂ ಒಂದಾದ ಮೇಲೊಂದು ಹೊಡೆದು ನನ್ನ ಜೀವ ತಿಂದವು. ಅಲಾರಂ ಗಡಿಯಾರ ಕೇಳಿ ಬಂದ ಗಿರಾಕಿಗೆ ಯಾರದೋ ಕೈಗಡಿಯಾರ ಕೊಟ್ಟು ಕಳಿಸಿದ್ದೇನೆ, ಹೋಗಿ ಇಸಿದುಕೊಂಡು ಬರಬೇಕು. ನಿಮ್ಮ ಫೋನು ಸತ್ತೇ ಹೋಗಿತ್ತು. ಹನ್ನೆರಡಕ್ಕೆ ಮಗಳ ನಂಬರು ಒತ್ತಿದೆ. ಹುಡುಕಬೇಕಾಗಲಿಲ್ಲ, ಬಾಯಿಪಾಠವಿತ್ತು, ನಗಬೇಡಿ.

"ಅಮ್ಮಾ?" ಅಂದಳು.

ನಾನು "ನಿಮ್ಮಪ್ಪ ಇಳಿದ್ರಾ?" ಅಂದೆ.

"ಇಲ್ಲಿ ಈಗಿನ್ನೂ ಹತ್ತು ಗಂಟೆ ಕಣಮ್ಮಾ. ನಮ್ಮ ಗಡಿಯಾರ ನಿಮಗಿಂತ ಎರಡು ಗಂಟೆ ಹಿಂದೆ, ಟಿಕೆಟ್ಟಲ್ಲಿರೋ ಹತ್ತೂ ನಲವತ್ತು ಇಲ್ಲಿನ ಟೈಮು. ಎರಡು ಸಾವಿರದ ಆರುನೂರು ಕಿಲೋಮೀಟರು, ಮೂರೂವರೆ ಗಂಟೆ ಬೇಕು. ಅಪ್ಪ ಇನ್ನೂ ದಾರೀಲಿದ್ದಾರೆ, ನಾನು ಏರ್‌ಪೋರ್ಟಲ್ಲೇ ಕಾಯ್ತಿದ್ದೀನಿ."

ನೆಲದ ಮೇಲೆ ಕೂತು ಅತ್ತುಬಿಟ್ಟೆ. ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದರೆ ಗಿರಾಕಿಗಳಿಗೆ ಪಾಠ ಹೇಳುವ ನಿಮಗೆ ಎರಡು ಗಂಟೆ ಕಣ್ಣಿಗೇ ಬೀಳಲಿಲ್ಲವಲ್ಲ! ದೀಪದ ಬುಡದಲ್ಲೇ ಕತ್ತಲು. ಆದರೆ ಬೈಯುವುದಿಲ್ಲ.

ಅವಳೂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಮದುವೆಯ ಮಾತೇ ಬರಲಿಲ್ಲ. ಅಳಿಯನ ನೆಗಡಿ, ಅವಳ ಅಡುಗೆಮನೆಯ ಸೋರುವ ನಲ್ಲಿ, ನನ್ನ ಕನ್ನಡಕ ಅಂತ ಹೆಚ್ಚುಕಡಿಮೆ ಒಂದು ಗಂಟೆ ಕಳೆಯಿತು. "ಅಪ್ಪನ ಟೋಪಿ ಕಾಣ್ತಿದೆ" ಎಂದು ಅವಳು ಅಂದಾಗ ನಾನೇ ಫೋನ್ ಇಟ್ಟೆ. ಆಮೇಲೆ ನೀವು "ಸರಿಯಾಗಿ ಹತ್ತೂ ನಲವತ್ತಕ್ಕೆ ಇಳಿದೆ ನೋಡು" ಎಂದು ಜಂಬ ಕೊಚ್ಚಿದಾಗ ಬರೀ "ಹ್ಞೂಂ" ಅಂದದ್ದು ಸಿಟ್ಟಿನಿಂದಲ್ಲ, ಆಗಷ್ಟೇ ನೆಲದಿಂದ ಏಳುತ್ತಿದ್ದೆ.

ಮಗಳಿಗೂ ಅಳಿಯನಿಗೂ ಆಶೀರ್ವಾದ. ನಿನ್ನೆ ಅನ್ನದೆ ಉಳಿದದ್ದನ್ನು ಇವತ್ತು ಬರೆಯುತ್ತಿದ್ದೇನೆ: ಹೋಗಿ ಬನ್ನಿ.

ನಿಮ್ಮ,
ಮನೆಯವಳು

ತಾ.ಕ.: ನೀವು ಡ್ರಾಯರಿನಲ್ಲಿ ಬಿಟ್ಟುಹೋದ ನನ್ನ ಟಿಕೆಟ್ಟಿನ ತಾರೀಖು ಬದಲಾಯಿಸಿಕೊಂಡು ಬಂದೆ. ಇಪ್ಪತ್ತಮೂರು, ಶನಿವಾರ, ಅದೇ ವಿಮಾನ. ನಲ್ಲಿಗೆ ವಾಷರ್ ತರುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ, ನೀವೇ ಹೇಳಿ. ನನ್ನನ್ನು ಕರೆದುಕೊಂಡು ಹೋಗಲು ಅವಳು ಬರಲಿ, ನಿಮಗೆ ಮಂಡಿನೋವು.