ಟ್ಯಾಂಕಿನ ಕೆಳಗಿನ ಐದೂವರೆ ಇಂಚು

ಮೇ 14, ಮಂಗಳವಾರ

ಲೋಯಿಗೆ ಮಾತ್ರೆ, ಮೊಟ್ಟೆ, ಆಮೇಲೆ ಎಡಗೈಗೆ ರಬ್ಬರ್ ಚೆಂಡು. ಒತ್ತು ಅಂದರೆ ಮೇಜಿನ ಕೆಳಗೆ ಉರುಳಿಬಿಟ್ಟು ಕಿಟಕಿ ಆಚೆ ನೋಡುತ್ತಾನೆ. ನಾನು ಬಗ್ಗಿ ಎತ್ತಿಕೊಡುತ್ತೇನೆ. ವ್ಯಾಯಾಮ ಆಗುತ್ತಿರುವುದು ನನಗೆ.

ಫೆಬ್ರವರಿಯಲ್ಲಿ ಲಕ್ವ ಹೊಡೆದು ಎಡಗೈ ಪೂರ್ತಿ ಹೋಯಿತು, ಎಡಗಾಲು ಅರ್ಧ. ಬಾಯಿ ನೆಟ್ಟಗಿದೆ. ಉಪಯೋಗಿಸುವುದಿಲ್ಲ, ಅಷ್ಟೇ. ನೆಬ್ರಾಸ್ಕಾದ ಈ ಮೂಲೆಯಲ್ಲಿ ಹೊಲಮನೆಗಳ ಸಾಮಾನು ಹರಾಜು ಕೂಗಿಯೇ ಮನೆ ಕಟ್ಟಿದವಳು ನಾನು. ಮಾತಾಡದ ಗಂಡನ ಎದುರು ಕೂತರೆ, ಒಬ್ಬನೂ ಸವಾಲು ಕೂಗದ ಹರಾಜಿನಲ್ಲಿ ನಿಂತ ಹಾಗೆ.

ತಿಂಡಿ ಹೊತ್ತಿಗೆ ಎರ್ವಿನ್ ಬಂದ. ಲೋಯಿಯ ತಮ್ಮ, ಆಗಸ್ಟ್ ಹಬ್ಬದ ಮೆರವಣಿಗೆಗೆ ಅವನೇ ಯಜಮಾನ. ಹಳೇ ಟ್ರ್ಯಾಕ್ಟರುಗಳ ಸಾಲಿನಲ್ಲಿ ಮೊದಲನೆಯದು ಯಾವಾಗಲೂ ಲೋಯಿಯದು. ಈ ಸಲ...

"ಅಣ್ಣಾ, ಗಾಡಿ ಮೇಲೆ ಒಳ್ಳೇ ಕುರ್ಚಿ ಹಾಕಿಸ್ತೀನಿ. ಹೂವು, ಬಾವುಟ, ಎಲ್ಲಾ. ನೀನು ಸುಮ್ನೆ ಕೈ ಬೀಸ್ತಾ ಕೂತಿದ್ರೆ ಸಾಕು."

ಲೋಯಿ ಎರಡು ದಿನದ ಮೇಲೆ ಬಾಯಿ ತೆಗೆದ. ಅದೂ ನನ್ನ ಕಡೆ ತಿರುಗಿ. "ಎಳಕೊಂಡು ಹೋಗೋಕೆ ನಾನೇನು ಹುಲ್ಲಿನ ಪೆಂಡಿಯಾ? ಬರಲ್ಲ ಅನ್ನು."

"ಅತ್ತಿಗೆ, ನೀವಾದ್ರೂ ಹೇಳಿ."

"ಕುರ್ಚಿ ಬೇಡ. ಅವನೇ ಓಡಿಸ್ತಾನೆ" ಅಂದೆ. ಯೋಚಿಸಿ ಹೇಳಿದ್ದಲ್ಲ. ಆದರೆ ಎರ್ವಿನ್ ನಕ್ಕ. ನಗದೇ ಇದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ಅದೇ ದಿನ, ಸಂಜೆ

ಶೆಡ್ಡಿಗೆ ಹೋಗಿ ಟ್ರ್ಯಾಕ್ಟರ್ ಸುತ್ತ ಎರಡು ಸುತ್ತು ಹಾಕಿದೆ, ಕೊಳ್ಳುವವಳ ಹಾಗೆ. 1946ರ ಹಸಿರು ಗಾಡಿ, ಎರಡೇ ಸಿಲಿಂಡರ್. ಇದರ ಕ್ಲಚ್ ಕಾಲಿಗಲ್ಲ, ಬಲಗೈಗೆ — ಉದ್ದನೆ ಹಿಡಿ; ಒಮ್ಮೆ ತಳ್ಳಿಬಿಟ್ಟರೆ ಆ ಕೈ ಸ್ಟೀರಿಂಗಿಗೆ. ಬ್ರೇಕಿಗೆ ಬಲಗಾಲಿದೆ. ಅಂದರೆ ಹೊರಟ ಮೇಲೆ ಲೋಯಿ ಓಡಿಸಬಲ್ಲ. ಡಾಕ್ಟರನ್ನೂ ಕೇಳಿದೆ, ನಡಿಗೆ ವೇಗ ಮೀರಬೇಡಿ ಅಂದರು. ಮೆರವಣಿಗೆ ಅದಕ್ಕಿಂತ ಜೋರಾಗಿ ಹೋದದ್ದು ನಾನು ಕಂಡಿಲ್ಲ.

ಕಷ್ಟ ಇರುವುದು ಹೊರಡಿಸುವುದರಲ್ಲಿ. ಆರು ವೋಲ್ಟಿನ ಸ್ಟಾರ್ಟರ್ ಮುದಿ ಹಸು ಏಳುವ ಹಾಗೆ ಅರ್ಧ ಎದ್ದು ಮತ್ತೆ ಕೂರುತ್ತದೆ. ಲೋಯಿ ಪಕ್ಕದಲ್ಲಿ ನಿಂತು ಇಂಜಿನ್ನಿನ ಫ್ಲೈವೀಲ್ ಚಕ್ರವನ್ನು ಎರಡೂ ಕೈಯಲ್ಲಿ ಎಳೆದು ಎಬ್ಬಿಸುತ್ತಿದ್ದ. ಇನ್ನೊಬ್ಬರು ಎಬ್ಬಿಸಿಕೊಟ್ಟ ಗಾಡಿ ಹತ್ತುವ ಪೈಕಿ ಅಲ್ಲ.

ಹನ್ನೆರಡು ವೋಲ್ಟಿನ ಬ್ಯಾಟರಿ ಹಾಕಿದರೆ ಬಟನ್ ಸಾಕು. ಹಳೇ ಡೈನಮೊ ಅದನ್ನು ಚಾರ್ಜ್ ಮಾಡದು. ಡೈನಮೊ ತೆಗೆಯಬೇಕು, ಆಲ್ಟರ್ನೇಟರ್ ಹಾಕಬೇಕು. ಟೇಪ್ ಹಿಡಿದೆ. ಟ್ಯಾಂಕಿನ ಕೆಳಗೆ ಐದೂವರೆ ಇಂಚು. ಅಷ್ಟರೊಳಗೆ ಹಿಡಿಯುವುದು ಯಾವುದು?

ಮೇ 16

ಕ್ರೀಟ್ ಊರಿಗೆ ಹೋದೆ, ನೋರೀನ್ ಅಂಗಡಿಗೆ. ಸ್ಟಾರ್ಟರು, ಡೈನಮೊ ರಿಪೇರಿ ಅವಳ ಅಪ್ಪನ ಕಾಲದಿಂದ. ಕೌಂಟರ್ ಮೇಲೆ ಮೂರು ಆಲ್ಟರ್ನೇಟರ್ ಇಟ್ಟಳು. ಒಂದು ಕಾರಿನದು, ಕುಂಬಳಕಾಯಿ ಗಾತ್ರ; ಅದು ಹಾಗೇ ಹೋಗಲಿ. ಉಳಿದೆರಡೂ ಅಂಗೈ ಅಗಲ. ಒಂದು ಪಳಪಳ ಕ್ರೋಮು, ಒಂದೇ ವೈರು, ರೇಸಿನ ಹುಡುಗರು ಹಾಕಿಕೊಳ್ಳುವುದು. ಇನ್ನೊಂದು ಯಾವುದೋ ಗೋದಾಮಿನ ಗಾಡಿಯಿಂದ ಬಿಚ್ಚಿ ರಿಪೇರಿ ಮಾಡಿದ್ದು. ಬೂದಿ ಬಣ್ಣ, ಮೂರು ವೈರು, ಜೊತೆಗೊಂದು ಪುಟ್ಟ ಬಲ್ಬು.

"ನಿಮ್ದು ನಿಧಾನಕ್ಕೆ ತಿರುಗೋ ಇಂಜಿನ್ ಅಲ್ವಾ ವ್ಲಾಸ್ತಾ? ಬೂದಿದು ತಗೊಳ್ಳಿ."

"ಮೂರು ವೈರು ಯಾರು ಎಳೀತಾರೆ?"

"ಎಳೆಯೋರು ಎಳೀತಾರೆ. ಆ ಕ್ರೋಮಿಂದು ಹೊಳೆಯೋದು ನೋಡಿ ಬಂದೋರಿಗೆ."

ಹೊಳೆಯುವುದನ್ನೇ ತಂದೆ. ತುಕ್ಕಿನ ಮೇಲೆ ಬಣ್ಣ ಬಳಿದದ್ದನ್ನು ಹತ್ತು ಅಡಿ ದೂರದಿಂದ ಗುರುತಿಸುವವಳು, ಕ್ರೋಮಿಗೆ ಬಿದ್ದೆ.

ಮೇ 25

ಬ್ರಾಕೆಟ್ ನಾನೇ ಕೊರೆದೆ. ಮೂರು ಸಲ ತಪ್ಪು. ಬೆರಳಿಗೆ ಪಟ್ಟಿ. ಕೂತಿತು! ಬಟನ್ ಒತ್ತಿದೆ — ಸ್ಟಾರ್ಟರ್ ತಿರುಗಿದ ರಭಸಕ್ಕೆ ಗಾಬರಿಯಾಗಿ ಕೈ ತೆಗೆದೆ. ಇಂಜಿನ್ ಏರಿಸಿದರೆ ಮೀಟರಿನ ಮುಳ್ಳು ಚಾರ್ಜ್ ಕಡೆ.

ಲೋಯಿ ಕಿಟಕಿಯಲ್ಲಿ. ಕೈ ಬೀಸಿದೆ. ಪರದೆ ಎಳೆದ.

ಮೇ 28

ಮೆರವಣಿಗೆ ವೇಗದಲ್ಲಿ ಸ್ಮಶಾನದ ತನಕ ಹೋಗಿ ಬಂದೆ. ಹೆದ್ದಾರಿ ದಾಟುವಾಗ ದೀಪ ಮಿನುಗಿಸಲೇಬೇಕು, ಪೊಲೀಸರ ಕಟ್ಟಪ್ಪಣೆ. ದೀಪ ಹಾಕಿದೆ. ಮುಳ್ಳು ಕೆಳಗೆ ಬಿತ್ತು, ಮೇಲೇಳಲಿಲ್ಲ. ಎರಡು ಸಲ ನಿಲ್ಲಿಸಿ ಹೊರಡಿಸಿದೆ. ಮೂರನೇ ಸಲಕ್ಕೆ ಕಟ್... ಕಟ್... ಅಷ್ಟೇ.

ನೋರೀನ್ ಫೋನಿನಲ್ಲಿ: "ಅದು ಜೋರಾಗಿ ತಿರುಗಿದ್ರೇನೇ ಎಚ್ಚರ ಆಗೋದು. ನಿಮ್ಮ ಗಾಡಿ ಜೋಗುಳ ಹಾಡ್ತಿದೆ, ಅದು ಮಲಗಿದೆ."

ಎರ್ವಿನ್ ತನ್ನ ಟ್ರಕ್ಕಿಗೆ ಕಟ್ಟಿ ಮನೆಗೆ ಎಳೆದುಕೊಟ್ಟ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಹೋದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಜೂನ್ 19

ಬರೆಯಲಾಗಲಿಲ್ಲ. ಲೋಯಿ ಬಚ್ಚಲಲ್ಲಿ ಬಿದ್ದ. ಲಿಂಕನ್ ಆಸ್ಪತ್ರೆ. ಮೂಳೆ ಮುರಿದಿಲ್ಲ, ಇನ್ನೇನೋ ಮುರಿದಿದೆ. ಊಟಕ್ಕೆ ಬಾ ಅಂದರೆ ಬರುತ್ತಾನೆ, ಮಲಗು ಅಂದರೆ ಮಲಗುತ್ತಾನೆ. ನಾನು ಮದುವೆಯಾದದ್ದು ಹೇಳಿದ ಮಾತು ಕೇಳುವ ಗಂಡಸನ್ನಲ್ಲ.

ಎರ್ವಿನ್ ಕುರ್ಚಿಗೆ ಬಣ್ಣ ಹೊಡೆಸಿದ್ದಾನಂತೆ.

ಕ್ರೋಮಿನದನ್ನು ಬಿಚ್ಚಿ ಡಬ್ಬಕ್ಕೆ ಹಾಕಿದೆ. ನಾಳೆ ಕ್ರೀಟ್.

ಜೂನ್ 20

"ಬೂದಿದು ಕೊಡು."

"ಅವತ್ತೇ ಹೇಳಿದ್ನಲ್ಲ?" ನೋರೀನ್ ಡಬ್ಬ ತೆರೆದು ನೋಡಿದಳು. "ಮುಖ ನೋಡ್ಕೊಳ್ಳೋಕಾದ್ರೂ ಬಂತಾ ಇದು?"

"ಸಾಕು, ಕೊಡು ಅಂದ್ನಲ್ಲ."

ಬೆಲ್ಟು ಸುತ್ತುವ ಪುಲ್ಲಿಯನ್ನೂ ಚಿಕ್ಕದು ಹಾಕಿಕೊಟ್ಟಳು; ಇಂಜಿನ್ ನಿಧಾನವಾಗಿದ್ದರೂ ಇದು ಬೇಗ ತಿರುಗುತ್ತದಂತೆ. ಕ್ರೋಮಿನದನ್ನು ಅರ್ಧ ಬೆಲೆಗೆ ವಾಪಸ್ ತೆಗೆದುಕೊಂಡಳು. ಚೌಕಾಸಿ ಮಾಡಲಿಲ್ಲ. ನಾನು! ಅವಳಿಗೇ ಗಾಬರಿಯಾಯಿತು — "ಮೈ ಹುಷಾರಿದೆ ತಾನೇ?"

ಜೂನ್ 27

ಇದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಮೂರೂ ವೈರು ಎಳೆದು ಮುಗಿಸಿದೆ. ಬೆಲ್ಟು ಉದ್ದವಾಯಿತು. ಬ್ಯಾಟರಿಯ ಎರಡು ತುದಿಗಳಿಗೆ ವೈರು ಕೊಡುವುದೊಂದು ಉಳಿಸಿ, ಪೇಟೆಗೆ ಹೋಗಿ ಬೆಲ್ಟು ತಂದೆ. ಬಂದರೆ ಅಡುಗೆಮನೆ ಖಾಲಿ. ಬಚ್ಚಲು ನೋಡಿದೆ, ಕೋಣೆ ನೋಡಿದೆ. ಅಷ್ಟರಲ್ಲಿ ಶೆಡ್ಡಿನ ಕಡೆಯಿಂದ ಸುಟ್ಟ ವಾಸನೆ.

ಲೋಯಿ ವಾಕರ್ ಬಿಟ್ಟು ದೊಡ್ಡ ಚಕ್ರಕ್ಕೆ ಒರಗಿ ನಿಂತಿದ್ದ. ಬಲಗೈಯಲ್ಲಿ ಸ್ಪ್ಯಾನರ್. ಟ್ಯಾಂಕಿನ ಕೆಳಗಿಂದ ಸಣ್ಣಗೆ ಹೊಗೆ.

"ಏನ್ ಮಾಡ್ದೆ?"

"ಬ್ಯಾಟರಿಗೆ ವೈರು ಕೊಟ್ಟೆ. ನಿನಗೆ ಯಾವಾಗ ಪುರುಸೊತ್ತಾಗುತ್ತೆ ಅಂತ ಕಾಯೋದು?"

"ಪ್ಲಸ್ ಎಲ್ಲಿಗೆ ಕೊಟ್ಟೆ?"

"ಗಾಡಿ ಮೈಗೆ. ಇನ್ನೆಲ್ಲಿಗೆ ಕೊಡ್ತಾರೆ? ಈ ಗಾಡಿ ಹುಟ್ಟಿದಾಗಿನಿಂದ ಪ್ಲಸ್ಸು ಮೈಗೇನೇ."

ಹೌದು. ಹಳೇ ಗಾಡಿಗೆ ಅದೇ ಸರಿ. ಆಲ್ಟರ್ನೇಟರಿಗೆ ಉಲ್ಟಾ — ಗಾಡಿ ಮೈಗೆ ಮೈನಸ್ಸು ಹೋಗಬೇಕು. ತಪ್ಪಿದರೆ ಒಂದೇ ಕ್ಷಣದಲ್ಲಿ ಸುಟ್ಟಿತು. ನಾನು ಹೇಳಿರಲಿಲ್ಲ, ಅವನು ಶೆಡ್ಡಿಗೆ ಬಂದಾನು ಎಂದು ಯಾರು ಅಂದುಕೊಂಡಿದ್ದರು?

ಹೇಳಿದೆ. ಸುಟ್ಟದ್ದನ್ನು ನೋಡಿದ, ಸ್ಪ್ಯಾನರ್ ನೋಡಿದ. ಆಮೇಲೆ ಶುರು ಮಾಡಿದ — ಗಾಡಿಗೆ, ಬ್ಯಾಟರಿಗೆ, ಲಕ್ವಕ್ಕೆ, ತಮ್ಮನ ಕುರ್ಚಿಗೆ, ಚೆಂಡು ಕೊಟ್ಟ ಡಾಕ್ಟರಿಗೆ. ಅಜ್ಜ ಬೊಹೀಮಿಯಾದಿಂದ ಹಡಗಿನಲ್ಲಿ ತಂದ ಬೈಗುಳಗಳು, ಒಂದೂ ಬಿಡಲಿಲ್ಲ. ಕೊನೆಗೆ ನನಗೆ. "ವೈರಿಗೆ ಒಂದು ಗುರುತು ಹಾಕಕ್ಕಾಗಲ್ವಾ ನಿನಗೆ? ಊರೆಲ್ಲಾ ಸಾಮಾನಿಗೆ ಚೀಟಿ ಅಂಟಿಸಿದೋಳು!"

ಅವನ ಮಾತೇ ಸರಿ. ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ನಾಲ್ಕು ತಿಂಗಳಿಂದ ಈ ಮನುಷ್ಯ ಏನನ್ನೂ ಹಾಳು ಮಾಡಿರಲಿಲ್ಲ.

"ನಗು, ನಗು. ಇನ್ನೊಂದು ತಗೊಂಡು ಬಾ. ಬೇಡ — ನಾನೂ ಬರ್ತೀನಿ."

ಜೂನ್ 28

ನೋರೀನ್: "ಇದನ್ನ ಯಾರು ಸುಟ್ಟಿದ್ದು?"

"ನನ್ನ ಗಂಡ. ಸ್ವಂತ ಕೈಯಾರೆ." ಮಗ ಪಾಸಾದ ಅಂತ ಹೇಳುವ ಧಾಟಿಯಲ್ಲಿ ಅಂದೆ ಅಂತ ಲೋಯಿ ದಾರಿಯಲ್ಲಿ ಹಂಗಿಸಿದ. ಒಳಗಿನ ಸುಟ್ಟ ಭಾಗ ಬದಲಾಯಿಸಿಕೊಟ್ಟಳು. ಕೆಂಪು ಪೇಂಟು, ಕಪ್ಪು ಪೇಂಟು ತಂದೆ. ಗುರುತು ಅವನೇ ಹಾಕಿದ. ಬ್ಯಾಟರಿಗೂ, ವೈರಿಗೂ, ನನ್ನ ಹೊಸ ಏಪ್ರನ್ನಿಗೂ.

ಜುಲೈ 13

ಮುಳ್ಳು ಚಾರ್ಜ್ ಕಡೆ — ದೀಪ ಮಿನುಗುತ್ತಿರುವಾಗಲೂ, ಜೋಗುಳದ ವೇಗದಲ್ಲೂ. ಸ್ಟಾರ್ಟರ್ ಬಟನ್ ಬಲಗೈ ಕೆಳಗೇ ತಂದೆವು. ಹತ್ತುವುದಕ್ಕೆ ಹಿಂದೆ ಒಂದು ಮೆಟ್ಟಿಲು. ಅದೊಂದಕ್ಕೆ ನನ್ನ ಹೆಗಲು ಬೇಕು. ದಿನಾ ಅಂಗಳದಲ್ಲಿ ಸುತ್ತು. ನಿನ್ನೆ ಅಂಚೆ ಡಬ್ಬ ಉರುಳಿಸಿದ. "ಅದು ಅಲ್ಲಿರಬಾರದಿತ್ತು" ಅಂತೆ.

ಎರ್ವಿನ್ ಬಂದು ನೋಡಿದ.

"ಮಧ್ಯದಲ್ಲಿ ನಿಂತ್ರೆ, ಹಿಂದೆ ಅರವತ್ತು ಗಾಡಿ ನಿಲ್ಲುತ್ತೆ ಅತ್ತಿಗೆ. ಊರೆಲ್ಲಾ ನೋಡ್ತಿರುತ್ತೆ."

"ನಿಂತ್ರೆ ಮತ್ತೆ ಹೊರಡಿಸ್ತಾನೆ."

"ಹೊರಡದಿದ್ರೆ?"

ಲೋಯಿಗೆ ಕೇಳಿಸಿತು. ಇನ್ನೊಂದು ಸುತ್ತು ಹೊರಟ.

ಆಗಸ್ಟ್ 3, ಶನಿವಾರ

ಮುಖ್ಯ ಬೀದಿ, ಬ್ಯಾಂಕಿನ ಎದುರು. ನಿಂತಿದ್ದೇವೆ. ಮುಂದೆ ಬ್ಯಾಂಡಿನವರು ಕುಣಿಯಲು ಶುರು ಮಾಡಿದ್ದಾರೆ, ಯಾವಾಗ ಮುಗಿಸುತ್ತಾರೋ. ಬಿಸಿಲು. ಮೊದಲ ಟ್ರ್ಯಾಕ್ಟರ್ ಲೋಯಿಯದು, ಅದರ ಬೆನ್ನಿಗೆ ನನ್ನ ಪಿಕಪ್, ಆಮೇಲೆ ಉಳಿದವರು. ಸ್ಟೀರಿಂಗ್ ಮೇಲೆ ಇಟ್ಟು ಬರೆಯುತ್ತಿದ್ದೇನೆ. ಸುಮ್ಮನಿದ್ದರೆ ಇಳಿದು ಓಡಿಬಿಡುತ್ತೇನೆ, ಅದಕ್ಕೆ.

ಎರ್ವಿನ್ ಸಾಲಿನುದ್ದಕ್ಕೂ ಕೂಗಿಕೊಂಡು ಹೋದ — ಮಕ್ಕಳು ಅಡ್ಡ ಓಡಾಡುತ್ತಿದ್ದಾರೆ, ಎಲ್ಲರೂ ಇಂಜಿನ್ ಆರಿಸಿ. ಆರಿಸಿದರು. ಲೋಯಿಯೂ, ನಾನೂ. ಇಷ್ಟು ಹೊತ್ತಿನ ಪಟಪಟ ಸದ್ದು ಹೋಗಿ ಬೀದಿಯೇ ಖಾಲಿಯಾದಂತೆ. ಮಿನುಗು ದೀಪ ಮಾತ್ರ ಉರಿಯುತ್ತಿದೆ. ಆರಿಸು ಮಾರಾಯ! ಹಾರ್ನ್ ಹೊಡೆಯಲೇ? ಬೇಡ. ಅವನ ಗಾಡಿ.

ಬ್ಯಾಂಡು ನಿಂತಿತು. ನಡೆಯುತ್ತಿದ್ದಾರೆ. ಹಿಂದಿನ ಟ್ರ್ಯಾಕ್ಟರುಗಳು ಒಂದೊಂದಾಗಿ ಎದ್ದವು. ಲೋಯಿ ಇನ್ನೂ ಕೂತಿದ್ದಾನೆ. ಎರ್ವಿನ್ ಅವನ ಕಡೆ ಓಡಿ ಬರುತ್ತಿದ್ದಾನೆ. ಲೋಯಿ ತಿರುಗದೆಯೇ ಬಲಗೈ ಎತ್ತಿ ತಮ್ಮನನ್ನು ಅಲ್ಲೇ ನಿಲ್ಲಿಸಿದ.

ಕೈ ಕೆಳಗೆ ಹೋಯಿತು.

ಪಟ್... ಪಟ್ ಪಟ್... ಹೊರಟ! ಬ್ಯಾಂಡಿನ ಬೆನ್ನಿಗೇ ಹೋಗುತ್ತಿದ್ದಾನೆ, ತಿರುಗಿಯೂ ನೋಡಲಿಲ್ಲ. ಜನ ಕೂಗುತ್ತಿದ್ದಾರೆ. ಹಿಂದೆ ಯಾಕಿಷ್ಟು ಹಾರ್ನ್? ಅಯ್ಯೋ, ದಾರಿಗೆ ಅಡ್ಡ ನಿಂತಿರುವುದು ನಾನೇ, ಇಂಜಿನ್ನೂ ಆರಿಸಿಯೇ ಇದೆ! ಸಾಕು ಬರೆದದ್ದು —